ಎರಡು ಕೆಟ್ಟ ಗೇಮ್ ಬಾಯ್‌ಗಳಿಂದ ನಡೆಯುವ ಒಂದು ಗೇಮ್ ಬಾಯ್

(ಎಲೆಕ್ಟ್ರಾನಿಕ್ಸ್ ಓದುತ್ತಿರುವ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಎರಡು ಗೇಮ್ ಬಾಯ್ ಇವೆ, ಅಂದರೆ ಕೈಯಲ್ಲಿ ಹಿಡಿದು ವಿಡಿಯೋ ಗೇಮ್ ಆಡುವ ಪುಟ್ಟ ಯಂತ್ರಗಳು. ಎರಡೂ ನಡೆಯುವುದಿಲ್ಲ. ಒಂದರ ಪರದೆ ಒಡೆದು ಒಳಗಿನ ದ್ರವ ಕಪ್ಪಗೆ ಹರಡಿಕೊಂಡಿದೆ. ಇನ್ನೊಂದರ ಪರದೆ ಚೆನ್ನಾಗಿದೆ, ಆದರೆ ಯಾರೋ ಒಳಗೆ ಸೆಲ್ ಬಿಟ್ಟು ಮರೆತಿದ್ದಾರೆ. ಸೆಲ್ ಸೋರಿ ಬೋರ್ಡಿನ ತಾಮ್ರದ ಗೆರೆಗಳನ್ನು ತಿಂದು ಹಾಕಿದೆ. ಇವೆರಡರಿಂದ ಒಂದನ್ನು ಎಬ್ಬಿಸುವುದು ಹೇಗೆ ಅನ್ನೋದು ಇವತ್ತಿನ ವಿಷಯ. ಜೊತೆಗೆ ಇನ್ನೊಂದು ಪ್ರಶ್ನೆಯೂ ಇದೆ. ಮೂವತ್ತೈದು ವರ್ಷ ದಾಟಿದ ಯಂತ್ರವನ್ನು ಹೀಗೆ ಬಿಚ್ಚಿ ಜೋಡಿಸಲು ಇವತ್ತಿಗೂ ಆಗುತ್ತದಲ್ಲ, ಅದು ಯಾಕೆ? ಇದು ಅದೃಷ್ಟದಿಂದ ಆಗಿದ್ದಲ್ಲ ಅಂತ ನಾನು ನಂಬುತ್ತೇನೆ. ಅದಕ್ಕೆ ಕಾರಣ ಇದನ್ನು ಮಾಡಿದವರ ಯೋಚನೆಯಲ್ಲೇ ಇದೆ.

ಗೇಮ್ ಬಾಯ್ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1989ರ ಏಪ್ರಿಲ್ 21ರಂದು. ಕ್ಯೋಟೊದ ನಿಂಟೆಂಡೊ ಕಂಪನಿಯದ್ದು. ಆ ತಂಡದ ಮುಖ್ಯಸ್ಥರು ಗುನ್‌ಪೆ ಯೊಕೊಯ್. ಅವರು 1965ರಲ್ಲಿ ನಿಂಟೆಂಡೊ ಸೇರಿದಾಗ ಅದು ಮುಖ್ಯವಾಗಿ ಇಸ್ಪೀಟಿನಂಥ ಎಲೆಗಳನ್ನು ಮಾಡುವ ಕಂಪನಿ. ಹೂವಿನ ಚಿತ್ರಗಳಿರುವ ಜಪಾನಿ ಎಲೆಗಳು, ಹನಾಫುದ ಅಂತ. ಆ ಎಲೆ ತಯಾರಿಸುವ ಯಂತ್ರಗಳು ಕೆಡದಂತೆ ನೋಡಿಕೊಳ್ಳುವುದೇ ಯೊಕೊಯ್ ಅವರ ಕೆಲಸವಾಗಿತ್ತು. ಅಂದರೆ ಅವರು ಶುರು ಮಾಡಿದ್ದು ಮೇಂಟೆನೆನ್ಸ್ ವಿಭಾಗದಲ್ಲಿ. ನನಗೆ ಇದು ತುಂಬ ದೊಡ್ಡ ವಿಷಯ. ಯಂತ್ರ ಎಲ್ಲಿ ಸವೆಯುತ್ತದೆ, ಎಲ್ಲಿ ಕೈಕೊಡುತ್ತದೆ ಅಂತ ದಿನಾ ನೋಡಿದವರು ಹೊಸದನ್ನು ಮಾಡುವಾಗಲೂ ಅದನ್ನು ಮರೆಯುವುದಿಲ್ಲ.

ಅವರ ದಾರಿ ಹೀಗಿತ್ತು: ಇವತ್ತು ಬಂದ ತಂತ್ರಜ್ಞಾನದ ಹಿಂದೆ ಓಡಬಾರದು. ಬಂದು ಬಹಳ ಕಾಲ ಆಗಿ, ಬೆಲೆ ಇಳಿದು, ಗುಣ ದೋಷ ಎಲ್ಲ ಗೊತ್ತಾಗಿರುವ ಸಾಮಾನನ್ನೇ ತೆಗೆದುಕೊಂಡು ಅದರಿಂದ ಹೊಸ ಆಟ ಹುಟ್ಟಿಸಬೇಕು. 1980ರ ಗೇಮ್ ಅಂಡ್ ವಾಚ್ ಅನ್ನುವ ಕೈಯಲ್ಲಿ ಹಿಡಿಯುವ ಆಟದ ಯಂತ್ರವನ್ನು ಅವರು ಮಾಡಿದ್ದು ಕ್ಯಾಲ್ಕ್ಯುಲೇಟರಿನಲ್ಲಿ ಬಳಸುತ್ತಿದ್ದಂಥ ಪರದೆಯಿಂದಲೇ. ಗೇಮ್ ಬಾಯ್‌ನದ್ದೂ ಅದೇ ಕಥೆ. ಪರದೆಯಲ್ಲಿ ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕಿ. ಬಣ್ಣ ಇಲ್ಲ, ನಾಲ್ಕೇ ಛಾಯೆ. ಹಿಂದೆ ಬೆಳಕೂ ಇಲ್ಲ. 1989ರಲ್ಲೇ ಇದಕ್ಕೆ ಪೈಪೋಟಿಯಾಗಿ ಅಟಾರಿ ಕಂಪನಿಯ ಲಿಂಕ್ಸ್ ಬಂತು, ಮರುವರ್ಷ ಸೇಗಾ ಕಂಪನಿಯ ಗೇಮ್ ಗೇರ್ ಬಂತು. ಎರಡಕ್ಕೂ ಬಣ್ಣದ, ಬೆಳಗುವ ಪರದೆ. ಆದರೆ ಆರು ಸೆಲ್ ಹಾಕಿದರೂ ಕೆಲವೇ ಗಂಟೆ. ಗೇಮ್ ಬಾಯ್ ನಾಲ್ಕು ಪೆನ್ ಸೆಲ್ಲಿನಲ್ಲಿ ಹತ್ತು ಗಂಟೆಗಿಂತ ಜಾಸ್ತಿ ನಡೆಯುತ್ತಿತ್ತು. ಮಾರಾಟದಲ್ಲಿ ಯಾರು ಗೆದ್ದರು ಅನ್ನೋದು ನಿಮಗೆ ಗೊತ್ತು. ಮುಂದೆ ಬಂದ ಗೇಮ್ ಬಾಯ್ ಕಲರ್ ಸೇರಿಸಿದರೆ ಒಟ್ಟು 11.8 ಕೋಟಿಗೂ ಹೆಚ್ಚು ಮಾರಾಟವಾಯಿತು.

ಮಾರಾಟದ ಲೆಕ್ಕಕ್ಕಿಂತ ನನಗೆ ಬೇಕಾದದ್ದು ಇನ್ನೊಂದು ಲೆಕ್ಕ. ಇವತ್ತು ಅಟ್ಟದಿಂದ ಒಂದು ಗೇಮ್ ಗೇರ್ ಇಳಿಸಿ ಸೆಲ್ ಹಾಕಿದರೆ ಅದು ಸರಿಯಾಗಿ ನಡೆಯುವ ಭರವಸೆ ಬಹಳ ಕಡಿಮೆ. ಅದರೊಳಗಿನ ಸಣ್ಣ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು, ಅಂದರೆ ವಿದ್ಯುತ್ ಹಿಡಿದಿಡುವ, ಒಳಗೆ ದ್ರವ ಇರುವ ಭಾಗಗಳು, ಕಾಲ ಕಳೆದಂತೆ ಸೋರುತ್ತವೆ. ಪರದೆ ಮಂಕಾಗುತ್ತದೆ, ಸದ್ದು ಹೋಗುತ್ತದೆ, ಸೋರಿದ್ದು ಬೋರ್ಡನ್ನೂ ಹಾಳು ಮಾಡುತ್ತದೆ. ಗೇಮ್ ಬಾಯ್‌ನಲ್ಲೂ ಕೆಪಾಸಿಟರ್ ಇವೆ, ಆದರೆ ಅವು ಆ ಮಟ್ಟಕ್ಕೆ ಸೋರಿ ತೊಂದರೆ ಕೊಡುವುದಿಲ್ಲ. ಗಲ್ಫ್ ಯುದ್ಧದ ಸಮಯದಲ್ಲಿ ಅಮೆರಿಕದ ಸೈನಿಕರೊಬ್ಬರ ಗೇಮ್ ಬಾಯ್ ಬಾಂಬ್ ದಾಳಿಯಲ್ಲಿ ಸುಟ್ಟಿತು. ಮುಂಭಾಗದ ಪ್ಲಾಸ್ಟಿಕ್ ಕರಗಿ ಕಪ್ಪಾಗಿತ್ತು. ಆದರೂ ಅದು ನಡೆಯುತ್ತಿತ್ತು. ನ್ಯೂಯಾರ್ಕ್‌ನ ನಿಂಟೆಂಡೊ ಅಂಗಡಿಯಲ್ಲಿ ಅದನ್ನು ಬಹಳ ವರ್ಷ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು, ಪರದೆ ಮೇಲೆ ಬೀಳುವ ತುಂಡುಗಳನ್ನು ಜೋಡಿಸುವ ಟೆಟ್ರಿಸ್ ಆಟ ಓಡುತ್ತಾ ಇರುತ್ತಿತ್ತು.

ನಮ್ಮ ಕಡೆ ಇದನ್ನು ನೋಡಿದವರು ಕಡಿಮೆ. ಗಲ್ಫ್‌ನಲ್ಲೋ ಅಮೆರಿಕದಲ್ಲೋ ಇದ್ದ ನೆಂಟರು ರಜೆಗೆ ಬರುವಾಗ ತಂದುಕೊಟ್ಟ ಮನೆಗಳಲ್ಲಿ ಮಾತ್ರ ಇತ್ತು. ಜಾತ್ರೆಯಲ್ಲಿ, ಫ್ಯಾನ್ಸಿ ಸ್ಟೋರಿನಲ್ಲಿ ಸಿಗುತ್ತಿದ್ದದ್ದು ಬ್ರಿಕ್ ಗೇಮ್. ನಿಮ್ಮಲ್ಲಿ ಕೆಲವರು ಅದನ್ನೇ ಗೇಮ್ ಬಾಯ್ ಅಂದುಕೊಂಡಿರಬಹುದು. ಎರಡೂ ಬೇರೆ. ಬ್ರಿಕ್ ಗೇಮ್ ಬಿಚ್ಚಿ ನೋಡಿ, ಬೋರ್ಡಿನ ನಡುವೆ ಕಪ್ಪು ಅಂಟಿನ ಒಂದು ಉಂಡೆ ಇರುತ್ತದೆ. ಚಿಪ್ ಅದರ ಕೆಳಗೆ. ಅದು ಸತ್ತರೆ ಅಲ್ಲಿಗೆ ಮುಗಿಯಿತು, ಕೈ ಹಾಕಲು ಜಾಗವೇ ಇಲ್ಲ. ಗೇಮ್ ಬಾಯ್‌ನಲ್ಲಿ ಮುಖ್ಯ ಚಿಪ್ಪುಗಳ ಕಾಲುಗಳೆಲ್ಲ ಕಣ್ಣಿಗೆ ಕಾಣುತ್ತವೆ.

ಸರಿ, ಬಿಚ್ಚೋಣ.

ಹೊರಗಿನ ಸ್ಕ್ರೂಗಳ ತಲೆಯಲ್ಲಿ ಮೂರು ಕವಲಿನ ಗುರುತು ಇದೆ. ಇದಕ್ಕೆ ಟ್ರೈ-ವಿಂಗ್ ಸ್ಕ್ರೂಡ್ರೈವರೇ ಬೇಕು. ಒಟ್ಟು ಆರು, ಅದರಲ್ಲಿ ಎರಡು ಸೆಲ್ ಹಾಕುವ ಜಾಗದ ಒಳಗೆ ಇವೆ. ಚಪ್ಪಟೆ ಸ್ಕ್ರೂಡ್ರೈವರ್ ತುರುಕಿ ತಿರುಗಿಸಿದರೆ ತಲೆ ಸವೆದು ಹೋಗುತ್ತದೆ. ಆಮೇಲೆ ಅದನ್ನು ತೆಗೆಯುವುದೇ ಒಂದು ದಿನದ ಕೆಲಸ. ಒಳಗಿನವು ಮಾಮೂಲಿ ಪ್ಲಸ್ ಸ್ಕ್ರೂಗಳು.

ಈಗ ಗಮನಿಸಿ. ಯಂತ್ರ ಎರಡು ಹೋಳಾಗಿ ತೆರೆದುಕೊಂಡಿತು. ಮುಂದಿನ ಹೋಳಿನಲ್ಲಿ ಒಂದು ಬೋರ್ಡ್: ಪರದೆ, ಗುಂಡಿಗಳ ಕೆಳಗಿನ ಕಾರ್ಬನ್ ಪಟ್ಟಿಗಳು, ಸ್ಪೀಕರ್, ಕೆಂಪು ದೀಪ. ಹಿಂದಿನ ಹೋಳಿನಲ್ಲಿ ಇನ್ನೊಂದು ಬೋರ್ಡ್: ಪ್ರೊಸೆಸರ್, ಮೆಮೊರಿ, ಕಾರ್ಟ್ರಿಜ್ (ಆಟ ತುಂಬಿರುವ ಡಬ್ಬಿ) ಕೂರುವ ಜಾಗ, ಪವರ್ ಸ್ವಿಚ್, ಸದ್ದಿನ ಮತ್ತು ಕಾಂಟ್ರಾಸ್ಟ್ ಚಕ್ರಗಳು. ಇವೆರಡರ ನಡುವೆ ಇರುವುದು ಒಂದೇ ಒಂದು ಚಪ್ಪಟೆ ಕೇಬಲ್. ಅದನ್ನು ನೇರವಾಗಿ ಎಳೆದರೆ ಕನೆಕ್ಟರಿನಿಂದ ಬಿಟ್ಟುಬರುತ್ತದೆ. ಓರೆಯಾಗಿ ಎಳೆಯಬೇಡಿ.

ನನ್ನ ಪ್ರಕಾರ ಇಡೀ ಯಂತ್ರದಲ್ಲಿ ಅತಿ ಚೆಂದದ ಜಾಗ ಈ ಕೇಬಲ್. ಒಂದರ ಮುಂದಿನ ಹೋಳು ಚೆನ್ನಾಗಿದೆ, ಇನ್ನೊಂದರ ಹಿಂದಿನ ಹೋಳು ಚೆನ್ನಾಗಿದೆ. ಅವೆರಡನ್ನು ಈ ಕೇಬಲ್ಲಿನಿಂದ ಸೇರಿಸಿದರೆ ಸಾಕು. ಬೆಸುಗೆ ಹಾಕುವ ಸಾಲ್ಡರಿಂಗ್ ಕಡ್ಡಿ ಬಿಸಿ ಮಾಡುವ ಅಗತ್ಯವೂ ಇಲ್ಲ. ಹಳೇ ಮನೆ ಕೆಡವುವಾಗ ನಮ್ಮೂರಲ್ಲಿ ತೊಲೆ, ಬಾಗಿಲು, ಮಂಗಳೂರು ಹಂಚುಗಳನ್ನು ಒಡೆಯದೆ ಬಿಡಿಸಿ ಇಡುತ್ತಾರಲ್ಲ, ಹಾಗೆ. ಬಿಡಿಸಲು ಬರುವಂತೆ ಕಟ್ಟಿದ್ದರೆ ಮಾತ್ರ ಅದು ಸಾಧ್ಯ.

ಆದರೆ ಯಾವುದು ಕೆಟ್ಟಿದೆ, ಯಾವುದು ಚೆನ್ನಾಗಿದೆ ಅಂತ ಮೊದಲು ತಿಳಿಯಬೇಕು. ಇಲ್ಲಿ ಯಂತ್ರವೇ ನಿಮಗೆ ಸಹಾಯ ಮಾಡುತ್ತದೆ. ಗೇಮ್ ಬಾಯ್ ಆನ್ ಮಾಡಿದಾಗ ಕಂಪನಿಯ ಹೆಸರು ಮೇಲಿಂದ ನಿಧಾನವಾಗಿ ಇಳಿದು ಬರುತ್ತದೆ, ನಡುವೆ ನಿಂತು "ಡಿಂಗ್" ಅನ್ನುತ್ತದೆ. ಇದನ್ನು ಮಾಡುವುದು ಪ್ರೊಸೆಸರ್ ಚಿಪ್ಪಿನ ಒಳಗೇ ಇರುವ 256 ಬೈಟ್‌ನ ಪುಟಾಣಿ ಪ್ರೋಗ್ರಾಂ. ಆ ಹೆಸರಿನ ಚಿತ್ರ ಬರುವುದು ಕಾರ್ಟ್ರಿಜ್‌ನಿಂದ. ಪ್ರೋಗ್ರಾಂ ಅದನ್ನು ಓದಿ ತೋರಿಸುತ್ತದೆ, ಆಮೇಲೆ ತನ್ನ ಹತ್ತಿರ ಇರುವ ಪ್ರತಿಯ ಜೊತೆ ಹೋಲಿಸುತ್ತದೆ. ಹೊಂದಿದರೆ ಆಟ ಶುರು. ಹೊಂದದಿದ್ದರೆ ಅಲ್ಲೇ ನಿಲ್ಲುತ್ತದೆ.

ಈ ಕೆಲವು ಸೆಕೆಂಡುಗಳಲ್ಲಿ ಎಷ್ಟು ಮಾಹಿತಿ ಇದೆ ನೋಡಿ. ಹೆಸರಿನ ಬದಲು ಬರೀ ಕಪ್ಪು ಪಟ್ಟಿ ಇಳಿದು ಬಂತು ಅನ್ನಿ. ಕಾರ್ಟ್ರಿಜ್ ಓದಲು ಆಗುತ್ತಿಲ್ಲ ಅಂತ ಅರ್ಥ. ಉಳಿದ ಬಹುಪಾಲು ಕೆಲಸ ಮಾಡುತ್ತಿದೆ: ಪ್ರೊಸೆಸರ್ ಬದುಕಿದೆ, ಪರದೆ ಬದುಕಿದೆ, ಕರೆಂಟು ಸರಿ ಇದೆ. ಹೆಸರು ಕಲಸಿಹೋಗಿ ಬಂದರೆ ಕಾರ್ಟ್ರಿಜ್‌ನ ಕೆಲವು ಕಾಲುಗಳು ಮಾತ್ರ ಮುಟ್ಟುತ್ತಿಲ್ಲ. ಕಾರ್ಟ್ರಿಜ್‌ನ ಅಂಚಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ. ಬಾಯಿಂದ ಉಫ್ ಅಂತ ಊದಬೇಡಿ, ಉಸಿರಿನ ತೇವದಿಂದ ಅದು ಇನ್ನೂ ಕೆಡುತ್ತದೆ. ಕಾರ್ಟ್ರಿಜ್ ಹಾಕಿದಾಗ "ಡಿಂಗ್" ಕೇಳಿಸಿತು, ಆದರೆ ಪರದೆ ಖಾಲಿ. ಆಗ ಸಮಸ್ಯೆ ಪರದೆಯ ಕಡೆ. ಮೊದಲು ಕಾಂಟ್ರಾಸ್ಟ್ ಚಕ್ರ ತಿರುಗಿಸಿ ನೋಡಿ. ಅದಕ್ಕೂ ಜಗ್ಗದಿದ್ದರೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ತೆಗೆದುಕೊಳ್ಳಿ. ಹಿಂದಿನ ಬೋರ್ಡಿನ ಮೇಲೆ ಕರೆಂಟು ಒದಗಿಸುವ ಪುಟ್ಟ ಉಪಬೋರ್ಡ್ ಒಂದಿದೆ. ಸೆಲ್ಲಿನ 6 ವೋಲ್ಟನ್ನು ಅದು 5 ವೋಲ್ಟಿಗೆ ತರುತ್ತದೆ, ಪರದೆಗೆ ಬೇಕಾದ ಸುಮಾರು ಮೈನಸ್ 19 ವೋಲ್ಟನ್ನೂ ಮಾಡಿಕೊಡುತ್ತದೆ. ಆ ಮೈನಸ್ ವೋಲ್ಟೇಜ್ ಬರುತ್ತಿಲ್ಲ ಅಂದರೆ ಪರದೆ ಎಷ್ಟೇ ಚೆನ್ನಾಗಿದ್ದರೂ ಏನೂ ಕಾಣುವುದಿಲ್ಲ. ಎಷ್ಟೋ ಜನ ಇಲ್ಲಿ ಒಳ್ಳೆ ಪರದೆಯನ್ನು ಎಸೆದುಬಿಡುತ್ತಾರೆ. ಆ ಉಪಬೋರ್ಡನ್ನು ಹಾಗೇ ಬಿಡಿಸಿ ಇನ್ನೊಂದು ಯಂತ್ರದ್ದನ್ನು ಹಾಕಬಹುದು.

ಪರದೆಯಲ್ಲಿ ಮೇಲಿಂದ ಕೆಳಗೆ ಕೆಲವು ಗೆರೆಗಳೇ ಇಲ್ಲದಿರುವುದು ಇದರ ಅತಿ ಸಾಮಾನ್ಯ ಕಾಯಿಲೆ. ಪರದೆ ಸತ್ತಿರುವುದಿಲ್ಲ. ಗಾಜಿನ ಕೆಳ ಅಂಚಿಗೆ ಒಂದು ತೆಳು ರಿಬ್ಬನ್ ಅಂಟಿಸಿರುತ್ತಾರೆ, ಬಿಸಿ ಮತ್ತು ಒತ್ತಡದಿಂದ. ವರ್ಷಗಳು ಕಳೆದಂತೆ ಆ ಅಂಟು ಅಲ್ಲಲ್ಲಿ ಬಿಡುತ್ತದೆ. ಸಾಲ್ಡರಿಂಗ್ ಕಡ್ಡಿಯನ್ನು ಕಡಿಮೆ ಬಿಸಿಯಲ್ಲಿ ಇಟ್ಟುಕೊಂಡು ಆ ಅಂಚಿನ ಉದ್ದಕ್ಕೂ ಮೆಲ್ಲಗೆ ಒತ್ತುತ್ತಾ ಎಳೆದರೆ ಅಂಟು ಮತ್ತೆ ಹಿಡಿದುಕೊಳ್ಳುತ್ತದೆ. ಸ್ವಲ್ಪ ಮಾಡಿ, ಆನ್ ಮಾಡಿ ನೋಡಿ, ಮತ್ತೆ ಆಫ್ ಮಾಡಿ ಮುಂದುವರಿಸಿ. ಗೆರೆಗಳು ಒಂದೊಂದಾಗಿ ವಾಪಸ್ ಬರುವುದನ್ನು ನೋಡುವಾಗ ಆಗುವ ಖುಷಿ ನನಗೆ ಇವತ್ತಿಗೂ ಕಡಿಮೆ ಆಗಿಲ್ಲ. ಅಡ್ಡ ಗೆರೆಗಳು ಹೋಗಿದ್ದರೆ ಅದು ಪಕ್ಕದ ರಿಬ್ಬನ್, ಸ್ವಲ್ಪ ಕಷ್ಟ. ಗಾಜೇ ಒಡೆದು ಕಪ್ಪು ಹರಡಿದ್ದರೆ ಯಾವ ಉಪಾಯವೂ ಇಲ್ಲ, ಮುಂದಿನ ಬೋರ್ಡನ್ನೇ ಬದಲಿಸಬೇಕು. ಬಿಸಿಲಿಗೆ ಬಿದ್ದು ಪರದೆಯ ನಡುವೆ ಸುಟ್ಟ ಕಲೆ ಆಗಿದ್ದರೆ ಮಾತ್ರ ಇನ್ನೊಮ್ಮೆ ಪರೀಕ್ಷಿಸಿ. ಬಹಳ ಸಲ ಹಾಳಾಗಿರುವುದು ಮೇಲಿರುವ, ಬೆಳಕನ್ನು ಸೋಸುವ ಪೋಲರೈಸರ್ ಹಾಳೆ, ಗಾಜು ಅಲ್ಲ. ಹಾಳೆ ಬದಲಿಸಬಹುದು.

ಈಗ ಸೋರಿದ ಸೆಲ್ಲಿನ ವಿಷಯ. ಇದರ ಬಗ್ಗೆ ಹೆಚ್ಚು ಹೇಳುತ್ತೇನೆ, ಯಾಕೆಂದರೆ ನಮ್ಮ ಮನೆಗಳಲ್ಲಿ ಸಿಗುವ ಹಳೇ ಯಂತ್ರಗಳೆಲ್ಲ ಸಾಯುವುದು ಹೀಗೇ. ವಿದೇಶಿ ವಿಡಿಯೋಗಳಲ್ಲಿ ಎಲ್ಲರೂ ವಿನೆಗರ್ ಹಚ್ಚಿ ಅನ್ನುತ್ತಾರೆ. ಅಲ್ಲಿ ಬಳಸುವುದು ಆಲ್ಕಲೈನ್ ಸೆಲ್. ಅದರಿಂದ ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅದು ಕ್ಷಾರ. ಕ್ಷಾರಕ್ಕೆ ವಿನೆಗರಿನ ಹುಳಿ ಸರಿಯಾದ ಮದ್ದು. ಆದರೆ ನಮ್ಮ ಕಿರಾಣಿ ಅಂಗಡಿಯ ಅಗ್ಗದ ಸೆಲ್‌ಗಳು ಬಹಳಷ್ಟು ಸತು-ಕಾರ್ಬನ್ ಸೆಲ್‌ಗಳು. ಅವುಗಳಿಂದ ಸೋರುವುದು ಸ್ವಲ್ಪ ಆಮ್ಲ ಗುಣದ್ದು. ಅದಕ್ಕೆ ವಿನೆಗರ್ ಹಚ್ಚಿದರೆ ಹುಳಿಗೆ ಹುಳಿ ಸೇರಿಸಿದಂತೆ. ಅಲ್ಲಿ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಹಚ್ಚಬೇಕು. ಸೆಲ್ಲಿನ ಮೇಲೆ ಬರೆದಿರುವುದನ್ನು ಓದಿ, ಆಮೇಲೆ ಮದ್ದು ಆರಿಸಿ. ಕೈಗೆ ಗ್ಲೌಸ್ ಹಾಕಿ. ಕೊನೆಯಲ್ಲಿ ಆಲ್ಕೋಹಾಲ್‌ನಿಂದ ತೊಳೆದು ಪೂರ್ತಿ ಒಣಗಲು ಬಿಡಿ.

ಸೋರಿದ್ದು ಸೆಲ್ ಜಾಗದಲ್ಲೇ ನಿಂತಿದ್ದರೆ ಕೆಲಸ ಸುಲಭ. ತುಕ್ಕು ಹಿಡಿದ ಲೋಹದ ಪಟ್ಟಿ ಮತ್ತು ಸ್ಪ್ರಿಂಗುಗಳನ್ನು ಇನ್ನೊಂದು ಯಂತ್ರದಿಂದ ತಂದು ಕೂರಿಸಿ. ಸ್ಪ್ರಿಂಗ್ ಮಾತ್ರ ಸಾಕಾದರೆ ಹಳೇ ರಿಮೋಟಿನದ್ದೂ ಆಗುತ್ತದೆ. ಆದರೆ ಸೋರಿದ್ದು ಬೋರ್ಡಿಗೆ ಇಳಿದರೆ ಹಸಿರು ಪದರದ ಅಡಿಯಲ್ಲೇ ಹರಿದು ಹೋಗುತ್ತದೆ. ಮೇಲಿಂದ ನೋಡಿದರೆ ಗೆರೆ ಇದ್ದಂತೆಯೇ ಕಾಣುತ್ತದೆ. ಮಲ್ಟಿಮೀಟರನ್ನು ಬೀಪ್ ಮೋಡ್‌ನಲ್ಲಿ ಇಟ್ಟು ಒಂದೊಂದೇ ಗೆರೆಯನ್ನು ತುದಿಯಿಂದ ತುದಿಗೆ ಪರೀಕ್ಷಿಸಬೇಕು. ಬೀಪ್ ಬರದ ಕಡೆ ತೆಳು ತಂತಿ ಹಾಕಿ ಸೇತುವೆ ಕಟ್ಟಬೇಕು. ಒಂದೆರಡು ಗೆರೆ ಹೋಗಿದ್ದರೆ ಈ ಕಷ್ಟ ಪಡಿ ಅನ್ನುತ್ತೇನೆ. ಅರ್ಧ ಬೋರ್ಡೇ ಹೋಗಿದ್ದರೆ ಅದನ್ನು ಬಿಡಿಭಾಗಗಳ ಗಣಿ ಅಂತ ಒಪ್ಪಿಕೊಳ್ಳುವುದು ಒಳ್ಳೆಯದು.

ಮೇಜಿನ ಮೇಲಿರುವ ಎರಡನೆಯ ಯಂತ್ರ ಅಂಥದ್ದು. ಇದರ ಮುಂದಿನ ಹೋಳನ್ನು ಮೊದಲನೆಯದರ ಹಿಂದಿನ ಹೋಳಿಗೆ ಈಗ ಸೇರಿಸುತ್ತಿದ್ದೇನೆ. ಕೇಬಲ್ ಹಾಕಿದೆ. ಸೆಲ್ ಹಾಕಿದೆ. ಆನ್... ಕೆಂಪು ದೀಪ ಬಂತು, ಹೆಸರು ಇಳಿಯಿತು. ಕೇಳಿಸಿತಾ? ಆದರೆ ಸ್ವಿಚ್ ಸ್ವಲ್ಪ ಅಲುಗಾಡಿಸಿದರೆ ಆಫ್ ಆಗುತ್ತಿದೆ. ಇದು ಪವರ್ ಸ್ವಿಚ್ಚಿನ ಒಳಗಿನ ಕೊಳೆ. ಒಂದೆರಡು ಹನಿ ಆಲ್ಕೋಹಾಲ್ ಬಿಟ್ಟು ಅತ್ತಿತ್ತ ಚೆನ್ನಾಗಿ ಆಡಿಸಬೇಕು. ಆಗಲೂ ಸರಿಯಾಗದಿದ್ದರೆ ಕೊಳೆತ ಬೋರ್ಡಿನ ಸ್ವಿಚ್ ಬಿಡಿಸಿ ಹಾಕಬೇಕು.

ಬಿಡಿಸುವಾಗ ಅವಸರ ಮಾಡಬಾರದು. ಹಳೇ ಬೆಸುಗೆ ಒಣಗಿದಂತೆ ಆಗಿರುತ್ತದೆ, ಸುಲಭಕ್ಕೆ ಕರಗುವುದಿಲ್ಲ. ಮೊದಲು ಸ್ವಲ್ಪ ಹೊಸ ಸಾಲ್ಡರ್ ಮತ್ತು ಬೆಸುಗೆ ಸರಿಯಾಗಿ ಹರಿಯಲು ನೆರವಾಗುವ ಫ್ಲಕ್ಸ್ ಹಾಕಿ, ಹೊಸದರ ಜೊತೆ ಹಳೆಯದೂ ಕರಗುತ್ತದೆ. ಆಮೇಲೆ ತಾಮ್ರದ ಜಾಲರಿ ಪಟ್ಟಿಯಿಂದ ಅದನ್ನು ಹೀರಿಸಿ. ಆ ಕಾಲದ ಬೆಸುಗೆಯಲ್ಲಿ ಸೀಸ ಇರುತ್ತದೆ. ಕಿಟಕಿ ತೆಗೆದಿಡಿ, ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆದು ಆಮೇಲೆ ಊಟಕ್ಕೆ ಕೂರಿ.

ಸತ್ತ ಬೋರ್ಡಿನಿಂದ ಏನೇನು ಉಳಿಸಬಹುದು? ಸ್ಪೀಕರ್, ಎರಡು ಚಕ್ರಗಳು, ಕಾರ್ಟ್ರಿಜ್ ಕನೆಕ್ಟರ್, ಹೆಡ್‌ಫೋನ್ ಜಾಕಿನ ತುಂಡು ಬೋರ್ಡ್, ಗುಂಡಿಗಳ ಕೆಳಗಿನ ರಬ್ಬರ್. ರಬ್ಬರ್ ಸಣ್ಣ ವಸ್ತು ಅನಿಸುತ್ತದೆ, ಆದರೆ ಗುಂಡಿ ಒತ್ತಿದಾಗ ಬೆರಳಿಗೆ ಸಿಗುವ ಅನುಭವ ಪೂರ್ತಿ ಅದರದ್ದೇ. ಪ್ರೊಸೆಸರಿಗೆ ತಾಳ ಹಾಕುವ ಕ್ರಿಸ್ಟಲ್ ಕೂಡ ಉಳಿಸಿ. ಸೆಕೆಂಡಿಗೆ 41,94,304 ಬಡಿತ ಅದರದ್ದು. ಶಾರ್ಪ್ ಕಂಪನಿ ಮಾಡಿದ ಪ್ರೊಸೆಸರ್ ಚಿಪ್ ಮಾತ್ರ ಬೇರೆಲ್ಲೂ ಸಿಗುವುದಿಲ್ಲ. ಅದು ಬೇಕಾದರೆ ಇನ್ನೊಂದು ಗೇಮ್ ಬಾಯ್‌ನಿಂದಲೇ ತೆಗೆಯಬೇಕು. ಪಕ್ಕದಲ್ಲಿರುವ ಎರಡು ಮೆಮೊರಿ ಚಿಪ್‌ಗಳ ಕಥೆ ಬೇರೆ. ಅವು 8 ಕಿಲೋಬೈಟ್‌ನ ಮಾಮೂಲಿ ರ್‍ಯಾಮ್ ಚಿಪ್‌ಗಳು. ಒಂದು ಆಟದ ಕೆಲಸಕ್ಕೆ, ಒಂದು ಚಿತ್ರಕ್ಕೆ. ಚಿತ್ರದ ರ್‍ಯಾಮ್ ಕೆಟ್ಟರೆ ಪರದೆಯಲ್ಲಿ ಚೌಕ ಚೌಕವಾಗಿ ಕಸ ಕಾಣುತ್ತದೆ. ಆಟ ಉಳಿಸಿಕೊಳ್ಳುವ ಸೌಲಭ್ಯ ಇರುವ ಎಷ್ಟೋ ಕಾರ್ಟ್ರಿಜ್‌ಗಳಲ್ಲಿ ಅದೇ ಅಳತೆಯ ರ್‍ಯಾಮ್ ಇರುತ್ತದೆ. ಒಡೆದು ಹೋದ ಕಾರ್ಟ್ರಿಜ್ ಒಂದರ ಚಿಪ್ ಗೇಮ್ ಬಾಯ್‌ಗೆ ಜೀವ ಕೊಡಬಹುದು. ಸಾಮಾನ್ಯ ಭಾಗಗಳನ್ನು ಆರಿಸಿದ್ದರ ಫಲ ಇಲ್ಲಿ ನೇರವಾಗಿ ನಮ್ಮ ಕೈಗೆ ಸಿಗುತ್ತದೆ.

ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. ನಡೆಯುತ್ತಿರುವ ಯಂತ್ರವನ್ನು ಬಿಡಿಭಾಗಕ್ಕಾಗಿ ಕೊಲ್ಲಬೇಡಿ. ಇವು ಇನ್ನು ಹೊಸದಾಗಿ ಹುಟ್ಟುವುದಿಲ್ಲ. ಇನ್ನೊಂದು, ಜೋಡಿಸಿದ ಯಂತ್ರವನ್ನು ಮಾರುವಾಗ ಏನೇನು ಬದಲಿಸಿದ್ದೀರಿ ಅಂತ ಕೊಳ್ಳುವವರಿಗೆ ಹೇಳಿ. ನಾನು ಒಂದು ಸಣ್ಣ ಚೀಟಿಯಲ್ಲಿ ಬರೆದು ಒಳಗೇ ಇಡುತ್ತೇನೆ. ಮುಂದೆ ಬಿಚ್ಚುವವರಿಗೆ ಅದು ದಾರಿ ತೋರಿಸುತ್ತದೆ.

ಹೊರಗಿನ ಬೂದು ಪ್ಲಾಸ್ಟಿಕ್ ಹಳದಿ ಆಗಿದ್ದರೆ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಬಿಳುಪು ಮಾಡುವವರಿದ್ದಾರೆ. ನಾನು ಮಾಡುವುದಿಲ್ಲ. ವಯಸ್ಸಾದದ್ದಕ್ಕೆ ವಯಸ್ಸು ಕಾಣಲಿ.

ಕೊನೆಗೆ ನೀವು ಕೇಳಿದ ಪ್ರಶ್ನೆಗಳು.

"ಸರ್, ಇದೇ ಆಟ ಫೋನಿನಲ್ಲೇ ಆಡಬಹುದಲ್ವಾ?" ಅಂತ ಒಬ್ಬರು ಕೇಳಿದರು. ಆಡಬಹುದು, ಚೆನ್ನಾಗಿಯೇ ನಡೆಯುತ್ತದೆ. ಆದರೆ ನೀವು ಎಲೆಕ್ಟ್ರಾನಿಕ್ಸ್ ಓದುತ್ತಿರುವವರು. ಪ್ರೊಸೆಸರ್, ಮೆಮೊರಿ, ಗಡಿಯಾರ, ಪರದೆ ಎಲ್ಲ ಇರುವ ಪೂರ್ತಿ ಕಂಪ್ಯೂಟರ್ ಇದು. ಇದರ ಬಹಳಷ್ಟು ಸಿಗ್ನಲ್‌ಗಳನ್ನು ನೀವು ಆಸಿಲೊಸ್ಕೋಪಿನಲ್ಲಿ ಹಿಡಿದು ನೋಡಬಹುದು. ಪುಸ್ತಕದಲ್ಲಿ ಅಡ್ರೆಸ್ ಬಸ್ (ಮೆಮೊರಿಯ ಯಾವ ಜಾಗ ಬೇಕು ಅಂತ ತಿಳಿಸುವ ತಂತಿಗಳು) ಅಂತ ಓದಿದ್ದು ಇಲ್ಲಿ ಕಾರ್ಟ್ರಿಜ್‌ನ ಕಾಲುಗಳಲ್ಲಿ ಕಣ್ಣೆದುರೇ ಇರುತ್ತದೆ. ಫೋನಿನಲ್ಲಿ ಆ ಅವಕಾಶ ಇಲ್ಲ.

"ಹೊಸ ಬೆಳಗುವ ಪರದೆ ಸಿಗುತ್ತದೆ, ಅದನ್ನೇ ಹಾಕಿದರೆ ಆಗದೇ?" ಹಾಕಿ, ತಪ್ಪೇನಿಲ್ಲ. ಮೂಲ ಪರದೆ ಪೂರ್ತಿ ಸತ್ತಿದ್ದರೆ ನಾನೂ ಅದನ್ನೇ ಹಾಕಿ ಅನ್ನುತ್ತೇನೆ. ಆದರೆ ರಿಬ್ಬನ್ ಬಿಸಿ ಮಾಡಿದರೆ ಬದುಕುವ ಪರದೆಯನ್ನು ಅದಕ್ಕಾಗಿ ಕಿತ್ತು ಎಸೆಯಬೇಡಿ. ಕಿತ್ತರೂ ಎತ್ತಿಡಿ, ಬೇರೆಯವರಿಗೆ ಅದೇ ಬೇಕಾಗಿರುತ್ತದೆ.

"ಕೆಟ್ಟ ಗೇಮ್ ಬಾಯ್ ಎಲ್ಲಿ ಸಿಗುತ್ತದೆ?" ಮೊದಲು ನೆಂಟರ ಮನೆಯ ಅಟ್ಟ ಹುಡುಕಿ, ಆಮೇಲೆ ಗುಜರಿ ಅಂಗಡಿ. ಜಪಾನಿನಲ್ಲಿ ಹಾರ್ಡ್ ಆಫ್ ಅನ್ನುವ ಹಳೇ ಸಾಮಾನಿನ ಅಂಗಡಿಗಳಿವೆ. ಅಲ್ಲಿ ಕೆಟ್ಟ ಸಾಮಾನನ್ನು ಕೆಟ್ಟದ್ದು ಅಂತ ಹೇಳಿಯೇ ಬುಟ್ಟಿಗಳಲ್ಲಿ ಇಟ್ಟು ಮಾರುತ್ತಾರೆ. ಅಲ್ಲಿಗೆ ಹೋಗಿ ಬರುವ ಪರಿಚಯದವರಿದ್ದರೆ ಹೇಳಿಡಿ. ಸ್ಕ್ರೂಡ್ರೈವರ್, ಫ್ಲಕ್ಸ್, ಜಾಲರಿ ಪಟ್ಟಿ, ಕೆಪಾಸಿಟರ್ ಇಂಥವಕ್ಕೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆ ಸಾಕು.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದ್ದು ಒಳ್ಳೆಯ ಪ್ರಶ್ನೆ: "ಚಿಕ್ಕಂದಿನಲ್ಲಿ ಆಡಿದ ಆಟ ಕಾರ್ಟ್ರಿಜ್‌ನಲ್ಲಿ ಇನ್ನೂ ಉಳಿದಿರುತ್ತದಾ?" ಉಳಿದಿರಬಹುದು. ಅದು ಒಳಗಿರುವ ನಾಣ್ಯದಂಥ ಸೆಲ್ಲಿನ ಮೇಲೆ ನಿಂತಿದೆ, ಸಾಮಾನ್ಯವಾಗಿ ಸಿಆರ್1616 ಅಥವಾ ಸಿಆರ್2025. ಆ ಸೆಲ್ ಮುಗಿದ ದಿನ ನೀವು ಉಳಿಸಿದ್ದೆಲ್ಲ ಅಳಿಸಿಹೋಗುತ್ತದೆ. ಸುಮ್ನೆ ಸೆಲ್ ಬಿಡಿಸಿದರೂ ಹೋಗುತ್ತದೆ. ಆದ್ದರಿಂದ ಮೊದಲು ಕಾರ್ಟ್ರಿಜ್ ಓದುವ ಸಾಧನದಿಂದ ಆ ಮಾಹಿತಿಯನ್ನು ಕಂಪ್ಯೂಟರಿಗೆ ತೆಗೆದಿಟ್ಟುಕೊಳ್ಳಿ. ಆಮೇಲೆ ಹಳೇ ಸೆಲ್ ಬಿಡಿಸಿ, ಕಾಲು ಬೆಸೆದು ಬರುವ ಹೊಸ ಸೆಲ್ ಹಾಕಿ, ಮಾಹಿತಿಯನ್ನು ವಾಪಸ್ ಬರೆಯಿರಿ. ಸೆಲ್ಲಿನ ಮೈಗೆ ನೇರವಾಗಿ ಸಾಲ್ಡರಿಂಗ್ ಕಡ್ಡಿ ಮುಟ್ಟಿಸಬೇಡಿ, ಬಿಸಿಗೆ ಅದು ಸಿಡಿಯಬಹುದು.